ಟೇಪಕ್ಕ ಮಾರಿದ ಮಲಗು ಸೈಕಲ್ಲು

ನನ್ನ ಸೈಕಲ್ ರಿಪೇರಿ ಅಂಗಡಿಯ ಎದುರು ಮನೆಯಲ್ಲಿ ಟೇಪಕ್ಕ ಇದ್ದಾಳೆ. ಅವಳ ಕುತ್ತಿಗೆಯಿಂದ ಅಳತೆ ಟೇಪು ಕೆಳಗಿಳಿದದ್ದನ್ನು ಯಾರೂ ನೋಡಿಲ್ಲ. ಹೊರಗಿನವರಿಗೆ ಹೊಸ ಬಟ್ಟೆ ಹೊಲಿಯುವುದಿಲ್ಲ. ಪ್ಯಾಂಟು ಗಿಡ್ಡ ಮಾಡುವುದು, ಉದ್ದ ಬಿಡುವುದು, ಸೊಂಟ ಸಡಿಲಿಸುವುದು, ಇಷ್ಟೇ ಕೆಲಸ. ಬೀದಿಯ ಗಂಡಸರ ಹೊಟ್ಟೆ ಎಷ್ಟು ಬೆಳೆದಿದೆ ಎಂಬುದು ಅವರ ಹೆಂಡತಿಯರಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಬಾಯಿ ಬಿಡುವುದಿಲ್ಲ, ಅದೊಂದು ಪುಣ್ಯ.

ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮನಿಗೆ ಒಂಬತ್ತು. ಮೆಷಿನ್ನಿಗೆ ಕೂತು ಅವಳು ಮೊದಲು ಹೊಲಿದದ್ದು ಅವನ ಶಾಲೆಯ ಚಡ್ಡಿ. ಒಂದು ಕಾಲು ಎರಡು ಬೆರಳು ಉದ್ದವಾಗಿತ್ತಂತೆ. ಪುಣ್ಯಾತ್ಮ ವರ್ಷವಿಡೀ ಅದನ್ನೇ ಹಾಕಿಕೊಂಡು ಹೋದನಂತೆ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಅವನ ಎಲ್ಲ ಪ್ಯಾಂಟೂ ಅವಳ ಕೈಯದೇ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಅವಳು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ತಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ಬಗ್ಗಿ ಬಗ್ಗಿ ಬೆನ್ನು ಕೈಕೊಟ್ಟ ಮೇಲೆ ಎಲ್ಲಿಂದಲೋ ಒಂದು ಮಲಗು ಸೈಕಲ್ಲು ತಂದ. ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವಂಥದ್ದು. ಬೀದಿಯವರು "ಎದ್ದೇಳಪ್ಪಾ, ಬೆಳಗಾಯ್ತು" ಎಂದು ರೇಗಿಸುತ್ತಿದ್ದರು. "ನೀವು ನೆಲ ನೋಡ್ಕೊಂಡು ಹೋಗಿ, ನಾನು ಆಕಾಶ ನೋಡ್ಕೊಂಡು ಹೋಗ್ತೀನಿ" ಎನ್ನುತ್ತಿದ್ದ. ಸಂಜೆ ಆರಕ್ಕೆ ಅದನ್ನು ಮನೆಯ ಪ್ಯಾಸೇಜಿಗೆ ತಂದು ನಿಲ್ಲಿಸಿ, ಇಳಿಯದೆ ಅಲ್ಲೇ ಒರಗಿ, ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತ ಅಕ್ಕನ ಜೊತೆ ಹರಟುತ್ತಿದ್ದ. ಆ ಟಿಕ್ ಟಿಕ್ ಸದ್ದು ನನ್ನ ಅಂಗಡಿಗೂ ಬರುತ್ತಿತ್ತು. ಒಂಬತ್ತು ವರ್ಷ ಕೇಳಿದ್ದೇನೆ.

ಹೋದ ವರ್ಷ ಅಂಗಡಿಯಲ್ಲೇ, ಗಾಜು ಕೈಯಲ್ಲಿರುವಾಗಲೇ, ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಸೈಕಲ್ಲನ್ನು ಯಾರೋ ತಳ್ಳಿಕೊಂಡು ಬಂದು ಪ್ಯಾಸೇಜಿನಲ್ಲಿ ನಿಲ್ಲಿಸಿ ಹೋದರು. ಅವನ ಬಟ್ಟೆಗಳನ್ನೆಲ್ಲ ಟೇಪಕ್ಕ ಒಂದೇ ವಾರದಲ್ಲಿ ಕಂಡವರಿಗೆ ಕೊಟ್ಟುಬಿಟ್ಟಳು. ಕಣ್ಣೆದುರು ಇರಬಾರದು ಎಂದಳು.

ತಿಂಗಳು ಕಳೆದ ಮೇಲೆ ನನ್ನ ಅಂಗಡಿಗೆ ಬಂದಳು.

"ರಿಪೇರಿಯವರೇ, ಆ ಸೈಕಲ್ ಯಾರಿಗಾದ್ರೂ ಮಾರಿಸಿಕೊಡಿ."

"ಏನವಸರ?"

"ಆರು ಗಂಟೆಗೆ ಸದ್ದಾಗುತ್ತೆ. ಅವನದ್ದೇ ಸದ್ದು."

ಮರುದಿನ ಸಂಜೆ ಹೋಗಿ ಸ್ಟೂಲ್ ಹಾಕಿಕೊಂಡು ಕೂತೆ. ಆರು ಹೊಡೆಯಿತು. ಟಿಕ್ ಟಿಕ್ ಟಿಕ್ ಎಂದು ಏಳೆಂಟು ಸಲ ಸದ್ದಾಗಿ ನಿಂತಿತು. ಪೆಡಲು ಇನ್ನೂ ಸ್ವಲ್ಪ ಅಲುಗಾಡುತ್ತಿತ್ತು. ಗಾಳಿ ಇರಬೇಕು, ಒಳಗಿನ ಸ್ಪ್ರಿಂಗ್ ಸಡಿಲವಾಗಿರಬೇಕು ಎಂದೆ. ಗಾಳಿಗೆ ಪೆಡಲು ತಿರುಗುವುದಿಲ್ಲವೆಂದು ನಲವತ್ತು ವರ್ಷ ಸೈಕಲ್ ಬಿಚ್ಚಿದವನಿಗೆ ಗೊತ್ತಿಲ್ಲವೇ? ಹೆದರಿ ಬಾಯಿಗೆ ಬಂದದ್ದು ಹೇಳಿದೆ.

"ಏನಾದ್ರೂ ಆಗಿರ್ಲಿ, ಮಾರಿಬಿಡಿ. ಆ ಸದ್ದಿಗೆ ಕತ್ತರಿ ಎಲ್ಲೆಲ್ಲೋ ಹೋಗುತ್ತೆ. ನಿನ್ನೆ ಮೇಷ್ಟ್ರ ಪ್ಯಾಂಟನ್ನ ಮೊಣಕಾಲಿಗೇ ಕತ್ತರಿಸಿಟ್ಟಿದ್ದೀನಿ."

ಸೈಕಲ್ಲನ್ನು ಅಂಗಡಿಗೆ ತಂದೆ. ಮಾರುವ ಸೈಕಲ್ಲು ಕಳೆಕಳೆಯಾಗಿರಬೇಕೆಂಬುದು ನನ್ನ ಹಟ. ಬೇರೆ ಸೈಕಲ್ಲಿನಲ್ಲಿ ಸೀಟು ಏರಿಸಿ ಇಳಿಸುತ್ತೇವೆ; ಇದರಲ್ಲಿ ಪೆಡಲು ಕೂತಿರುವ ಮುಂದಿನ ಕೊಳವೆಯನ್ನೇ ತುಳಿಯುವವರ ಕಾಲಿನ ಉದ್ದಕ್ಕೆ ಎಳೆದು ಬಿಗಿಯಬೇಕು. ನಾನು ಬೋಲ್ಟು ಬಿಚ್ಚಿ, ಕೊಳವೆ ಹೊರಗೆಳೆದು, ಒಂಬತ್ತು ವರ್ಷ ಒಂದೇ ಜಾಗದಲ್ಲಿ ಬಿಗಿದು ಬಿದ್ದಿದ್ದ ಗುರುತನ್ನು ಎಮರಿ ಕಾಗದದಿಂದ ಉಜ್ಜಿ ತೆಗೆದೆ. ಫಳಫಳ ಹೊಳೆಯಿತು. ಯಾರಿಗಾದರೂ ಹೊಂದಲಿ ಎಂದು ನಡುಮಧ್ಯಕ್ಕೆ ಕೂರಿಸಿ, ಕೊಳ್ಳುವವರು ಸಿಗುವ ತನಕ ಇರಲೆಂದು ಅವಳ ಪ್ಯಾಸೇಜಿಗೇ ತಂದು ನಿಲ್ಲಿಸಿದೆ. ನನ್ನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಎರಡು ದಿನ ಬಿಟ್ಟು ಬಂದಳು.

"ಏನು ಮಾಡಿದ್ರಿ ಅದಕ್ಕೆ?"

"ಸರ್ವಿಸ್ ಮಾಡಿದೆ. ಯಾಕೆ?"

"ನಿನ್ನೆಯೂ ಸದ್ದಿಲ್ಲ, ಇವತ್ತೂ ಇಲ್ಲ."

"ನಿನಗೆ ಬೇಕಾಗಿದ್ದೂ ಅದೇ ಅಲ್ವಾ ಟೇಪಕ್ಕ?"

ಅವಳು ತನ್ನ ಮನೆಯ ಕಡೆ ಕೈ ತೋರಿಸಿದಳು. "ಪೆಡಲ್ ಹತ್ತಿರ ಬಂದಿದೆ. ಅವನ ಕಾಲು ಮಡಿಚಿಕೊಳ್ಳುತ್ತೆ. ಅವನು ಹೇಗೆ ತುಳೀಬೇಕು?"

ನಗಬೇಕಿತ್ತು, ಆಗಲಿಲ್ಲ. ಅವನ ಅಳತೆ ಹೇಳು, ಈಗಲೇ ಮೊದಲಿನ ಹಾಗೆ ಮಾಡಿಕೊಡುತ್ತೇನೆ ಎಂದೆ. ಆಗ ಅವಳು ಅಲ್ಲೇ, ಟ್ಯೂಬುಗಳ ರಾಶಿಯ ಪಕ್ಕದಲ್ಲಿ, ಕೂತುಬಿಟ್ಟಳು. ಊರಿನವರ ಅಳತೆಯೆಲ್ಲ ಅವಳ ಪುಸ್ತಕದಲ್ಲಿದೆ, ತಮ್ಮನದಿಲ್ಲ. ಬರೆದಿಡುವ ಅಗತ್ಯವೇ ಬಿದ್ದಿರಲಿಲ್ಲ, ಕೈಗೆ ಗೊತ್ತಿತ್ತು. ಪ್ಯಾಂಟುಗಳೂ ಹೋದವು. ಅವನ ಕಾಲು ಎಷ್ಟುದ್ದ ಎಂಬುದು ಭೂಮಿಯ ಮೇಲೆ ಉಳಿದದ್ದು ಆ ಕೊಳವೆಯ ಗುರುತಿನಲ್ಲಿ ಮಾತ್ರ. ಅದನ್ನು ನಾನು ನನ್ನ ಕೈಯಾರೆ ಉಜ್ಜಿ ಹಾಕಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಮಾಡಿದ್ದನ್ನು ಹೇಳಿದರೆ ನಮ್ಮಿಬ್ಬರಿಗೂ ತಲೆ ಕೆಟ್ಟಿತ್ತು ಎನ್ನುತ್ತೀರಿ. ಐದೂವರೆಗೆ ಅಂಗಡಿ ಮುಚ್ಚಿ ಸ್ಪ್ಯಾನರ್ ಹಿಡಿದು ಅವಳ ಮನೆಗೆ ಹೋಗುತ್ತಿದ್ದೆ. ಅವಳು ಕಣ್ಣು ಮುಚ್ಚಿ, ಟೇಪನ್ನು ಗಾಳಿಯಲ್ಲಿ ಹಿಡಿದು, ಇಲ್ಲದ ಸೊಂಟದಿಂದ ಇಲ್ಲದ ಹಿಮ್ಮಡಿಗೆ ಅಳೆಯುವಳು. "ಇಷ್ಟು" ಎನ್ನುವಳು. ಅಷ್ಟಕ್ಕೆ ಬಿಗಿಯುವೆ. ಇಬ್ಬರೂ ಉಸಿರು ಬಿಗಿ ಹಿಡಿದು ಆರು ಗಂಟೆಗೆ ಕಾಯುವೆವು. ಪೆಡಲು ಅಲುಗುತ್ತಿರಲಿಲ್ಲ. "ಒಂದು ಬೆರಳು ಕಮ್ಮಿ ಆಯ್ತೇನೋ" ಎನ್ನುವಳು. ಮರುದಿನ ಒಂದು ಬೆರಳು ಜಾಸ್ತಿ. ಹೀಗೆ ಹನ್ನೊಂದು ಸಂಜೆ. ಮೊದಮೊದಲು ಅವಳ ಸಮಾಧಾನಕ್ಕೆ ಕಾದೆ. ಆಮೇಲೆ, ಸುಳ್ಳೇಕೆ ಹೇಳಲಿ, ಒಂದೇ ಒಂದು ಟಿಕ್ ಕೇಳಿಸಲೆಂದು ನಾನೇ ಹಂಬಲಿಸಿ ಕಾದೆ.

ಹನ್ನೆರಡನೆಯ ದಿನ ಅವಳು ಟೇಪು ಎತ್ತಲಿಲ್ಲ. "ಕೈ ಮರೆತುಬಿಟ್ಟಿದೆ, ರಿಪೇರಿಯವರೇ. ಅಳೆದಷ್ಟೂ ಬೇರೆಯವರ ಕಾಲೇ ಬರುತ್ತೆ." ತಗ್ಗಿದ ದನಿಯಲ್ಲಿ ಹೇಳಿದಳು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಸೈಕಲ್ಲನ್ನು ಮಾರಿಯೇಬಿಟ್ಟೆವು. ಕೊಂಡವಳು ಈಜು ಕಲಿಸುವ ಟೀಚರ್, ಎತ್ತರದ ಹೆಂಗಸು. ಕೊಳವೆಯನ್ನು ತನ್ನ ಕಾಲಿಗೆ ಎಳೆಸಿಕೊಂಡು, ಒರಗಿ, ಎರಡು ಸುತ್ತು ಹೊಡೆದು, "ಸ್ವರ್ಗ ಕಣ್ರೀ" ಎಂದು ನಗುತ್ತ ಬೀದಿಯ ತಿರುವು ದಾಟಿ ಹೋದಳು. ಟೇಪಕ್ಕ ಕೈಬೀಸಿದಳು. ಒಳಗೆ ಹೋಗಿ, ಕೆಡಿಸಿದ್ದಕ್ಕೆ ಬದಲಾಗಿ ಮೇಷ್ಟ್ರಿಗೆ ಹೊಸ ಪ್ಯಾಂಟು ಹೊಲಿಯಲು ಕೂತಳು. ಕತ್ತರಿ ನೆಟ್ಟಗೆ ಹೋಗುತ್ತಿತ್ತು.

ಆ ಸಂಜೆ ಒಬ್ಬಳೇ ಇರುತ್ತಾಳಲ್ಲ ಎಂದು ಹೋದೆ. ಮುಂಬಾಗಿಲು ಪೂರ್ತಿ ತೆರೆದಿತ್ತು. ಪ್ಯಾಸೇಜ್ ಇಷ್ಟು ಅಗಲವೆಂದು ನನಗೆ ಗೊತ್ತೇ ಇರಲಿಲ್ಲ. ಆರು ಹೊಡೆದು ಸ್ವಲ್ಪ ಹೊತ್ತಾದ ಮೇಲೆ ಅವಳು ಬೀದಿಯ ಕಡೆ ನೋಡುತ್ತ ಹೇಳಿದಳು: "ಸೈಕಲ್ ಇಲ್ಲದಿದ್ರೆ ಏನಂತೆ, ನಡ್ಕೊಂಡಾದ್ರೂ ಬರಬಹುದಿತ್ತಲ್ಲ."

ಬಾಗಿಲು ಹಾಕಲು ಎದ್ದವಳನ್ನು ನಾನೇ ತಡೆದೆ.

"ನಡ್ಕೊಂಡು ಬರೋದಲ್ವಾ ಟೇಪಕ್ಕ, ಹೊತ್ತಾಗುತ್ತೆ. ಕೂತ್ಕೋ."