ಬಾಯಿಪಾಠ ಮಾಡಿದ ಕಣ್ಣಿನ ಪರೀಕ್ಷೆ

ಎಪ್ಪತ್ತರ ದಶಕದಲ್ಲಿ ನಾವು ಮದರಾಸಿನ ಕ್ರೋಂಪೇಟೆಯಲ್ಲಿದ್ದೆವು. ಅಪ್ಪ ರೈಲಿನಲ್ಲಿ ಗಾರ್ಡ್. ಆಗಾಗ ನಡೆಯುವ ಕಣ್ಣಿನ ತಪಾಸಣೆಯಲ್ಲಿ ಫೇಲಾದರೆ ರೈಲಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸುತ್ತಾರೆ ಎಂಬ ಹೆದರಿಕೆ ಅವರ ಜೊತೆಯವರಿಗೆಲ್ಲ ಇತ್ತು. ಡಾಕ್ಟರು ಗೋಡೆಗೆ ತೂಗುಹಾಕುವ ಅಕ್ಷರದ ಹಲಗೆಯನ್ನು ಕೆಲವರು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಅಪ್ಪನಿಗಂತೂ ಅದು ಸಂಧ್ಯಾವಂದನೆಯಷ್ಟೇ ಸರಾಗ.

ನಾನಾಗ ಎರಡನೇ ಕ್ಲಾಸಿನ ಹುಡುಗಿ. ಒಂದು ಭಾನುವಾರ ಬಲಗಣ್ಣು ಮುಚ್ಚಿಕೊಂಡು ಆಡುತ್ತಾ, ಕ್ಯಾಲೆಂಡರಿನ ದೇವರಿಗೆ ಮುಖವೇ ಇಲ್ಲ ಅಂದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಕ್ಯಾಲೆಂಡರನ್ನು ಹತ್ತಿರ ತಂದು, ದೂರ ಹಿಡಿದು ಮತ್ತೆ ಮತ್ತೆ ಕೇಳಿದರು. ಎಡಗಣ್ಣಿಗೆ ಎಲ್ಲವೂ ಕಲಸಿಹೋದಂತಿತ್ತು.

ಮುಂದಿನ ವಾರ ಶಾಲೆಗೆ ಕಣ್ಣಿನ ಡಾಕ್ಟರು ಬರುವವರಿದ್ದರು. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಲಗೆಯ ಅಕ್ಷರಗಳನ್ನು ಸಾಲು ಸಾಲಾಗಿ ಹೇಳಿಕೊಟ್ಟರು.

"ಇದೂ ಒಂದು ಪರೀಕ್ಷೆ ತಾನೇ ಮರಿ? ಓದ್ಕೊಂಡು ಹೋಗ್ಬೇಕು. ಯಾರ ಹತ್ರಾನೂ ಹೇಳ್ಬೇಡ."

ಅಪ್ಪ ಹೇಳಿದ ಮೇಲೆ ಮುಗಿಯಿತು. ಡಾಕ್ಟರು ಬಲಗಣ್ಣು ಮುಚ್ಚಿಸಿದಾಗ ಆ ಮಸುಕು ಹಲಗೆಯ ಕಡೆ ಮುಖ ಮಾಡಿ ಗಿಣಿಯಂತೆ ಒಪ್ಪಿಸಿದೆ. "ಗುಡ್" ಅಂದರು. ಸಂಜೆ ಅಪ್ಪ ರೋಸ್ ಮಿಲ್ಕ್ ಕೊಡಿಸಿದರು. ಇಂಥ ಅಪ್ಪ ಇನ್ಯಾರಿಗಿದ್ದಾರೆ ಎಂದು ನಾನು ಬೀಗಿದ್ದೇ ಬೀಗಿದ್ದು.

ಎಂಬತ್ತರ ದಶಕದಲ್ಲಿ ಡಿಗ್ರಿ ಮುಗಿಸಿ ಬ್ಯಾಂಕ್ ಕೆಲಸದ ಮೆಡಿಕಲ್‌ಗೆ ಹೋದೆ. ಅಲ್ಲಿನ ಹಲಗೆಯಲ್ಲಿ ಬೇರೆ ಅಕ್ಷರಗಳಿದ್ದವು. ಸಿಕ್ಕಿಬಿದ್ದೆ. ಅಪ್ಪ ಮೈಲಾಪೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನ ಎಡಗಣ್ಣನ್ನು ತುಂಬ ಹೊತ್ತು ನೋಡಿದರು. ಆರೇಳು ವಯಸ್ಸಿಗೇ ತೋರಿಸಿದ್ದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ಸ್ವಲ್ಪ ದಿನ ಪಟ್ಟಿ ಕಟ್ಟಿ ಸರಿ ಮಾಡಬಹುದಿತ್ತು, ಇನ್ನು ಯಾವ ಕನ್ನಡಕದಿಂದಲೂ ಆಗುವುದಿಲ್ಲ ಎಂದರು. ಅಷ್ಟು ವರ್ಷ ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲವೇ ಎಂದೂ ಕೇಳಿದರು.

ನಾನು ಅಪ್ಪನನ್ನೇ ನೋಡಿದೆ.

"ಸೋಡಾಬುಡ್ಡಿ ಹಾಕ್ಕೊಂಡ ಹುಡುಗೀನ ನಾಳೆ ಯಾರು ಒಪ್ತಾರೆ ಅಂತ..." ಎಂದು ಅಪ್ಪ ಕನ್ನಡದಲ್ಲಿ ಗೊಣಗಿದರು.

ನನಗೆ ಮೈಯೆಲ್ಲ ಉರಿಯಿತು. ಬೇರೆ ಯಾರೋ ಮೋಸ ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾನು ಕೂತು ಕಲಿತದ್ದು ಅಪ್ಪನ ತೊಡೆಯ ಮೇಲೆ.

ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. ಡಾಕ್ಟರನ್ನು ತಮಿಳಿನಲ್ಲಿ ಒಂದೇ ಮಾತು ಕೇಳಿದರು.

"ಪಾಕ್ಕುರವಂಗಳುಕ್ಕು ತೆರಿಯುಮಾ, ಡಾಕ್ಟರ್?"

ನೋಡಿದವರಿಗೆ ಗೊತ್ತಾಗುತ್ತದೆಯೇ ಅಂತ. ಇಲ್ಲ, ಹೊರಗೆ ಏನೂ ಕಾಣುವುದಿಲ್ಲ ಎಂದರು ಡಾಕ್ಟರು. ಅಪ್ಪ ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಕಂಡ ಆ ನೆಮ್ಮದಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.