ಫಿರ್ದೋಸ ಕೊಯ್ಯದ ಅಂಚು

ಫಿರ್ದೋಸಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಪೊಲೀಸರು ಗೋವಾದ ಉಸಗಾಂವದ ಅವಳ ಮನೆಗೆ ಬಂದು ಉಳಿ, ಸೂಜಿ, ಮೇಣ, ತೊಗಲಿನ ಸುರುಳಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಹೋದ ದಿನ ಅವಳ ಮಾತು ಪಕ್ಕದಲ್ಲಿದ್ದವರಿಗೂ ಕೇಳಿಸುತ್ತಿರಲಿಲ್ಲ.

ತೊಗಲಿನ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಇಂಡಿ ಕಡೆಯ ಹಳ್ಳಿಯಲ್ಲಿ ಅವನು ಎತ್ತಿನ ಕೊರಳಪಟ್ಟಿ ಹೊಲಿಯುತ್ತಿದ್ದ. ಗೋವಾಕ್ಕೆ ಬಂದ ಮೇಲೆ ಗಂಡ ಮುಜಫ್ಫರ ಅದಿರಿನ ಲಾರಿ ಹತ್ತಿದ, ಇವಳು ಮನೆಯಲ್ಲೇ ಬೆಲ್ಟು, ಚೀಲ ಹೊಲಿಯಲು ಕೂತಳು. ಒಮ್ಮೆ ಗಣಿ ಕಚೇರಿಯ ಕಾವಲುಗಾರನೊಬ್ಬ ಪಿಸ್ತೂಲಿನ ಹರಿದ ಒರೆ ತಂದು ಕೊಟ್ಟ. ಅದನ್ನು ಬಿಚ್ಚಿ ನೋಡಿ, ಹೊಸದೊಂದನ್ನೇ ಮಾಡಿಕೊಟ್ಟಳು. ಅಲ್ಲಿಂದ ಅಂಗಿಯ ಒಳಗೆ, ಸೊಂಟಕ್ಕೆ, ಹೊರಗೆ ಕಾಣದಂತೆ ಸಿಕ್ಕಿಸಿಕೊಳ್ಳುವ ಒರೆ ಬೇಕೆಂದು ಜನ ಹುಡುಕಿಕೊಂಡು ಬರತೊಡಗಿದರು. ಲೈಸೆನ್ಸ್ ತೋರಿಸದವರನ್ನು ಅವಳು ಬಾಗಿಲಿಂದಲೇ ಕಳಿಸುತ್ತಿದ್ದಳು. ನಿಜವಾದ ಪಿಸ್ತೂಲು ಹೊಸ್ತಿಲು ದಾಟುವಂತಿರಲಿಲ್ಲ. ಮುಜಫ್ಫರ ಹಲಸಿನ ಕಟ್ಟಿಗೆಯಲ್ಲಿ ಕೆತ್ತಿಕೊಟ್ಟ ಅಚ್ಚುಗಳ ಮೇಲೆ ಒದ್ದೆ ತೊಗಲನ್ನು ಒತ್ತಿ, ಒಣಗಿಸಿ, ಹೊಲಿದು, ಅಂಚಿಗೆ ಮೇಣ ಹಚ್ಚಿ ಗಾಜಿನಂತೆ ನುಣುಪಾಗುವವರೆಗೆ ಉಜ್ಜುತ್ತಿದ್ದಳು.

ಕೆಲಸದವರೆಲ್ಲ ಪಾತ್ರಾಂವ್, ಅಂದರೆ ಧಣಿ, ಎಂದು ಕರೆಯುತ್ತಿದ್ದ ಲಾರಿ ಗುತ್ತಿಗೆದಾರನೂ ಒಂದು ಒರೆ ಮಾಡಿಸಿದ. ಕೈಗೆ ತೆಗೆದುಕೊಂಡವನೇ ಮುಖ ಸಿಂಡರಿಸಿದ. "ಗುಂಡು ಹಾರಿಸೋ ಕುದುರೆನ ಮುಚ್ಚಿಬಿಟ್ಟೀಯಲ್ಲ. ಲಗೂನ ಬೆರಳು ಹೋಗಬೇಕು. ಇಲ್ಲಿ ಕೊಯ್ದುಬಿಡು."

"ಅದನ್ನ ಕೊಯ್ಯಂಗಿಲ್ರಿ. ಬೆರಳಲ್ಲ, ಅಂಗಿ ಚುಂಗು ಸಿಕ್ಕರೂ ಗುಂಡು ಹಾರತೈತಿ. ಬ್ಯಾಡಾದ್ರ ಒರೆ ಇಲ್ಲೇ ಬಿಡ್ರಿ."

ಅವನು ನಕ್ಕು ಒರೆ ತೆಗೆದುಕೊಂಡು ಹೋದ.

ಎರಡು ತಿಂಗಳ ಮೇಲೆ ಅವನು ಕಾರಿನಲ್ಲಿ ಕೂತು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳುವಾಗ ಗುಂಡು ಹಾರಿತು. ಪಾತ್ರಾಂವ್‌ಗೆ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಡ್ರೈವರ್ ನಿಂಗಣ್ಣನ ತೊಡೆ ಸೀಳಿತು. ಮನೆಯಲ್ಲಿ ಕೂತು ಹೆಂಗಸೊಬ್ಬಳು ಹೊಲಿದ ಕಳಪೆ ಒರೆಯೇ ಇದಕ್ಕೆ ಕಾರಣ ಎಂದು ಪಾತ್ರಾಂವ್ ಹೇಳಿಕೆ ಕೊಟ್ಟ. ನಿಂಗಣ್ಣನೂ ಅದಕ್ಕೆ ಹೌದೆಂದ.

ಪೊಲೀಸರು ಅವಳ ಸಾಮಾನು ಹೊತ್ತೊಯ್ದದ್ದು ಆಗಲೇ; ಮುಂದೆ ಆರು ದಿನ ಅವಳನ್ನು ಠಾಣೆಗೆ ಅಲೆಸಿದರು. ಆರನೆಯ ದಿನ ಅಲ್ಲಿ ಮೇಜಿನ ಮೇಲೆ ಒರೆ ಇತ್ತು. ಕುದುರೆಯ ಜಾಗದಲ್ಲಿ ಅರ್ಧಚಂದ್ರದಂತೆ ಕೊಯ್ದ ತೂತು. ಫಿರ್ದೋಸ ಅದನ್ನು ಎತ್ತಿ ಠಾಣೆಯ ಸಾಹೇಬರ ಮುಂದೆ ಹಿಡಿದಳು.

"ಸಾಹೇಬ್ರ, ಈ ಕಡೆ ಅಂಚ ಮುಟ್ಟಿ ನೋಡ್ರಿ, ಈಗ ಈ ಕಡೆ ಮುಟ್ಟಿ ನೋಡ್ರಿ," ಎಂದಳು. "ಇದು ನಾ ಉಜ್ಜಿದ್ದು. ಇದು ಚಾಕೂಲೇ ಕೊಯ್ದದ್ದು. ದಾರ ಸೈತ ಕಡದಾರ. ನಾ ಹಿಂಗ ಬಿಡಾಕಿ ಅಲ್ಲ."

ಸಾಹೇಬರು ಎರಡೂ ಕಡೆ ಬೆರಳಾಡಿಸಿದರು. "ನನಗೂ ಕಾಣ್ತದ. ಆದರ ಗುಂಡು ತಿಂದವನೇ ನಿನ್ನ ಹೆಸರು ಹೇಳ್ಯಾನ."

ಅವಳು ಅಲ್ಲಿಂದ ನೆಟ್ಟಗೆ ದವಾಖಾನೆಗೆ ಹೋದಳು. ನಿಂಗಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಹೆಂಡತಿ ಲಕ್ಷ್ಮವ್ವ ಮಂಚದ ಕಾಲು ಹಿಡಿದು ಕೂತಿದ್ದಳು. ಪಾತ್ರಾಂವ್ ಮನೆಯಲ್ಲಿ ಅಡಿಗೆ ಮಾಡುವವಳು ಅವಳೇ.

"ನಿಂಗಣ್ಣ, ನಿನ್ನ ತೊಡಿ ಸೀಳಿದಾವ ಯಾರು? ನಾನೇನು?"

"ನಾವು ಇರೋ ಖೋಲಿ ಪಾತ್ರಾಂವ್ ಅವರದವ್ವಾ," ಎಂದ ನಿಂಗಣ್ಣ, ಗೋಡೆಗೆ ಹೇಳಿದಂತೆ.

"ನಿನ್ನ ಖೋಲಿ ಉಳಿಯಾಕ ನನ್ನ ಕೈಯೊಳಗಿನ ಕೆಲಸ ಹೋಗಬೇಕೇನು?"

ಅವಳು ಹೊರಟಳು. ಮೆಟ್ಟಿಲ ಬಳಿ ಲಕ್ಷ್ಮವ್ವ ಹಿಂದಿನಿಂದ ಬಂದು ಸೆರಗು ಹಿಡಿದಳು.

"ಪಾತ್ರಾಂವ್ ಅವರು ಮೀನ ಕೊಯ್ಯೋ ಚಾಕು ಕೊಡು ಅಂದ್ರು. ನಾನ ಕೊಟ್ಟೆ. ನನ್ನ ಕಣ್ಣಮುಂದ ಒರೆ ಕೊಯ್ದ್ರು."

ಫಿರ್ದೋಸ ಅವಳ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಹಾಗೇ ಹಿಡಿದು ಠಾಣೆಗೆ ಕರೆದೊಯ್ದಳು. ಲಕ್ಷ್ಮವ್ವ ಅಳುತ್ತಲೇ ಎಲ್ಲವನ್ನೂ ಹೇಳಿ ಹೆಬ್ಬೆಟ್ಟು ಒತ್ತಿದಳು. ಮರುದಿನ ನಿಂಗಣ್ಣನೂ ತನ್ನ ಹೇಳಿಕೆ ಬದಲಿಸಿದ. ಪಾತ್ರಾಂವ್ ಮೇಲೆ ಕೇಸು ದಾಖಲಾಯಿತು, ಪಿಸ್ತೂಲನ್ನೂ ಲೈಸೆನ್ಸನ್ನೂ ವಶಕ್ಕೆ ತೆಗೆದುಕೊಂಡರು. ಆ ವಾರವೇ ಅವನ ಆಳುಗಳು ನಿಂಗಣ್ಣನ ಪಾತ್ರೆ, ಹಾಸಿಗೆಗಳನ್ನು ಖೋಲಿಯಿಂದ ರಸ್ತೆಗೆ ಎಸೆದರು.

ಮುಜಫ್ಫರ ಅವನ್ನೆಲ್ಲ ಲಾರಿಯಲ್ಲಿ ಹೇರಿಕೊಂಡು ಮನೆಗೆ ತಂದ. ಫಿರ್ದೋಸ ಬೇಡವೆನ್ನಲಿಲ್ಲ. ಒಳಮನೆ ಖಾಲಿ ಮಾಡಿ ನಿಂಗಣ್ಣನಿಗೆ ಹಾಸಿಕೊಟ್ಟಳು. ಆದರೆ ಸಿಟ್ಟು ಆರಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಲಕ್ಷ್ಮವ್ವನ ಮುಂದೆ ಬಂದು ನಿಂತಳು.

"ಆರು ದಿನ ನನ್ನ ಕಳ್ಳರಂಗ ಠಾಣೇಕ ಅಡ್ಡಾಡಿಸಿದ್ರು. ನೀ ಆರು ದಿನ ಸುಮ್ನಿದ್ದಿ."

"ಅಂಜಿದ್ದೆ, ಅಕ್ಕಾ."

"ನಾನೂ ಅಂಜಿದ್ದೆ," ಎಂದಳು ಫಿರ್ದೋಸ, ತೀರ ಸಣ್ಣ ದನಿಯಲ್ಲಿ. ಹಿಟ್ಟಿನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಎದುರಿಗೇ ಕೂತು, ತಾನೂ ಬಡಿಯತೊಡಗಿದಳು.