ಗೌರಾಬಾಯಿ ಕಾಕುವಿನ ಹೆಬ್ಬೆರಳು

ಗೌರಾಬಾಯಿ ಕಾಕು ಕಟ್ಟೆಯ ಮೇಲೆ ಕುಳಿತರೆ ಅವರ ಎಡಗೈ ಹೆಬ್ಬೆರಳು ನನ್ನ ಫೋನಿನ ಕಾವಲಿಗಿರುತ್ತಿತ್ತು. ಬಲಗೈ ಬೆಳ್ಳುಳ್ಳಿ ಸುಲಿಯುತ್ತಲೋ ಮೊರದೊಳಗಿನ ತೊಗರಿಬೇಳೆಯಿಂದ ಹರಳು ಆರಿಸುತ್ತಲೋ ಇರುತ್ತಿತ್ತು. ಎಡಗೈಗೆ ಮಾತ್ರ ಬೇರೆ ಕೆಲಸವಿರಲಿಲ್ಲ. ತೊಡೆಯ ಮೇಲಿನ ಫೋನಿನ ಬೆಳಕು ಇನ್ನೇನು ಮಂದವಾಗಬೇಕು ಎನ್ನುವ ಹೊತ್ತಿಗೆ ಆ ಹೆಬ್ಬೆರಳು ಗಾಜನ್ನು ಮೆಲ್ಲಗೆ ಸವರಿ ಹಿಂದೆ ಸರಿಯುತ್ತಿತ್ತು. ಮಗು ಮಲಗಲೆಂದು ತಟ್ಟುವವರನ್ನು ಎಲ್ಲರೂ ನೋಡಿರುತ್ತಾರೆ. ಕಾಕು ತಟ್ಟುತ್ತಿದ್ದುದು ಮಲಗಬಾರದೆಂದು.

"ಇದನ್ನ ಮಲಗಸಬಾರದವ್ವ. ಮಲಗಿತಂದ್ರ ಊರ ಮರೀತೈತಿ," ಎನ್ನುತ್ತಿದ್ದರು.

ಅವರು ಹೇಳುತ್ತಿದ್ದುದು ನಿಜ. ಪರದೆ ಆರಿ ಲಾಕ್ ಆದ ಕೂಡಲೇ ನನ್ನ ಫೋನು ವೈಫೈ ಬಿಟ್ಟುಬಿಡುತ್ತಿತ್ತು. ಮತ್ತೆ ತೆರೆದರೆ ಏನೂ ಆಗದಂತೆ ತಾನೇ ಹುಡುಕಿಕೊಂಡು ಹೋಗಿ ಸೇರುತ್ತಿತ್ತು. ಅಷ್ಟರಲ್ಲಿ ಬಂದ ಸಂದೇಶಗಳು ತಡವಾಗಿಯಾದರೂ ಸಿಗುತ್ತಿದ್ದವು, ಬಂದ ಕರೆ ಮಾತ್ರ ಹೋದದ್ದೇ. ಬಜಾರದ ಮೊಬೈಲ್ ಅಂಗಡಿಯವನು ಅದರೊಳಗಿನ ಸೆಟ್ಟಿಂಗುಗಳನ್ನೆಲ್ಲ ತಿರುವಿ ಹಾಕಿ, "ಬ್ಯಾಟರಿ ಉಳಸಾಕ ತಾನ ಬಿಡತೈತ್ರಿ ಮೇಡಂ. ಹೊಸಾದು ತಗೋಳೂಮಟ ಹಿಂಗ ನಡಸರಿ," ಎಂದು ಕೈಚೆಲ್ಲಿದ್ದ. ಪರದೆ ಆರುವ ಅವಧಿಯನ್ನು ಎಷ್ಟು ಹೆಚ್ಚಿಸಿಟ್ಟರೂ ಬ್ಯಾಟರಿ ಇಳಿದಂತೆ ಅದು ತನ್ನ ಹಟಕ್ಕೇ ಮರಳುತ್ತಿತ್ತು. ಕಾಕುವಿನ ಹಳೆಯ ಫೋನಿಗೆ ಈ ತೊಂದರೆ ಇರಲಿಲ್ಲ. "ನಂದು ಮಲಗಿದ್ರೂ ಕಿವಿ ತೆರಕೊಂಡಿರತೈತಿ. ನಿಂದು ಕಲ್ತದ್ದು ನೋಡು, ಅದಕ್ಕ ಭಾಳ ನಖರಾ," ಎಂದು ನನ್ನನ್ನೂ ಫೋನನ್ನೂ ಒಟ್ಟಿಗೆ ಛೇಡಿಸುತ್ತಿದ್ದರು.

ಸಿಂದಗಿಯಲ್ಲಿ ನಮ್ಮ ಓಣಿ ಇರುವುದು ತಗ್ಗಿನಲ್ಲಿ. ಬೆನ್ನಿಗೆ ಮುಚ್ಚಿಹೋದ ಹತ್ತಿ ಗಿರಣಿಯ ಎತ್ತರದ ಗೋಡೆ. ಮನೆಗಳೊಳಗೆ ಸಿಗ್ನಲ್ ನಿಲ್ಲುವುದಿಲ್ಲ. ವೈಫೈ ಇದ್ದದ್ದು ಕಾಕುವಿನ ಮನೆಯಲ್ಲಿ ಮಾತ್ರ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಕಣ್ಣು ಕಾಣದ ಅಕ್ಕ ಒಬ್ಬರಿದ್ದರು. ಅಕ್ಕತಂಗಿಯರು ದಿನವೂ ಮಾತಾಡಲಿ ಎಂದು ಆ ಅಕ್ಕನ ಮಗ ಅದನ್ನು ಹಾಕಿಸಿಕೊಟ್ಟಿದ್ದ. ಜೋಳದ ಕಣಜದ ಮೇಲೆ ಆ ಪುಟ್ಟ ಡಬ್ಬಿ ಕೂತಿರುತ್ತಿತ್ತು. ಧೂಳು ಬೀಳದಿರಲೆಂದು ಕಾಕು ಅದಕ್ಕೊಂದು ಹೆಣಿಕೆಯ ವಸ್ತ್ರ ಹೊದಿಸಿದ್ದರು. ಅದರ ಬಲ ಅವರ ಕಟ್ಟೆಯವರೆಗೆ ಬರುತ್ತಿತ್ತು, ಸ್ವಲ್ಪ ಆಚೆಯ ನಮ್ಮ ಬಾಗಿಲಿಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ನಾನು ನಮ್ಮ ಮನೆಯ ಕೆಲಸಕ್ಕೆ ಎದ್ದು ಹೋಗುವಾಗ ಫೋನು ಕಾಕುವಿನ ತೊಡೆಯ ಮೇಲೆ ಉಳಿಯುತ್ತಿತ್ತು.

ಯಾರ ಕೈಗೂ ಫೋನು ಕೊಡುವವಳಲ್ಲ ನಾನು. ವಿಜಯಪುರದ ಹಾಸ್ಟೆಲಿನಲ್ಲಿ ಎಂ.ಎ. ಓದುವಾಗಲೂ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ಕಾಕುವಿಗೆ ಕೊಟ್ಟದ್ದಕ್ಕೆ ಒಂದು ಕಾರಣವಿತ್ತು. ಮೊದಲ ದಿನ ನಾನು ಅನುಮಾನಿಸುತ್ತ ನಿಂತಿದ್ದಾಗ ಅವರೇ ಕೈ ಚಾಚಿ, "ಕೊಡವ್ವ, ನನಗೇನ್ ಓದಾಕ ಬರತೈತೇನು? ಬೆಳಕ ಆರದಂಗ ನೋಡಕೋತೇನಿ, ಅಷ್ಟ," ಎಂದಿದ್ದರು.

ನಾನು ನಂಬಿದೆ. ನಂಬಲು ನನಗೆ ಕಷ್ಟವೇನೂ ಆಗಲಿಲ್ಲ. ಗುಳಿಗೆಗಳ ಚೀಟಿ ತಂದು, "ಮುಂಜಾನಿದು ಯಾವದು, ಸಂಜೀದು ಯಾವದು ಹೇಳು," ಎಂದು ನನ್ನನ್ನೇ ಕೇಳುತ್ತಿದ್ದರು. ಅದರ ಮೇಲಿದ್ದುದು ಇಂಗ್ಲಿಷು ಎಂಬುದು ಆಗ ನನ್ನ ಲೆಕ್ಕಕ್ಕೆ ಬರಲಿಲ್ಲ. ಬಸ್ ನಿಲ್ದಾಣದಲ್ಲಿ, ಬೋರ್ಡು ಕಣ್ಣೆದುರಿಗಿದ್ದರೂ, ದೇವರ ಹಿಪ್ಪರಗಿವರೆಗೆ ಕೇಳಿಸುವ ದನಿಯಲ್ಲಿ, "ಏ ತಮ್ಮಾ, ಬಾಗೇವಾಡಿಗಿ ಹೊಕ್ಕೈತೇನು ಗಾಡಿ?" ಎಂದು ಡ್ರೈವರನನ್ನು ವಿಚಾರಿಸುತ್ತಿದ್ದರು. ಒಮ್ಮೆ ಜೊತೆಗಿದ್ದ ನಾನು ನಾಚಿಕೊಂಡು, "ಬೋರ್ಡ್ ಐತಲ್ರಿ ಕಾಕು," ಎಂದರೆ, "ಬೋರ್ಡ ಸುಳ್ಳ ಹೇಳತೈತಿ, ಡ್ರೈವರ್ ಹೇಳಂಗಿಲ್ಲ," ಎಂದರು. ಅವರ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ: ಎತ್ತರದ ದೇಹ, ತಂಬಾಕಿನ ಮಿಸರಿ ಪುಡಿ ತಿಕ್ಕಿ ಕಪ್ಪಾದ ಹಲ್ಲು, ಬಸಿಯಿಂದ ಚಹಾ ಸುರ್ರೆಂದು ಹೀರುವ ಸದ್ದು, ಓದು ಬಾರದ ದೊಡ್ಡ ಮನಸ್ಸು.

ಆ ವರ್ಷ ನನಗೆ ಮುದ್ದೇಬಿಹಾಳದ ಹುಡುಗನೊಬ್ಬನ ಜೊತೆ ಮದುವೆಯ ಮಾತು ಗಟ್ಟಿಯಾಗಿತ್ತು. ಅವರ ಮನೆಯವರು ಬಂದು, ಉಡಿ ತುಂಬಿ, ಸಕ್ಕರೆ ಹಂಚಿ ಹೋಗಿದ್ದರು. ಅವನಿಗೆ ಬಿಡುವಾದಾಗ ವಾಟ್ಸಾಪ್‌ನಲ್ಲಿ ಕರೆ ಮಾಡುತ್ತಿದ್ದ. ಬಿಡುವು ಯಾವಾಗ ಎಂದು ಮೊದಲೇ ಹೇಳುವ ಪದ್ಧತಿ ಅವನಿಗಿರಲಿಲ್ಲ. ಫೋನು ಲಾಕ್ ಆಗಿದ್ದಾಗ ಬಂದ ಕರೆ ನನಗೆ ಮುಟ್ಟುತ್ತಿರಲಿಲ್ಲ. ಅವನ ಕಡೆ ಮಾತ್ರ ನಾನು ಎತ್ತಲಿಲ್ಲ ಎಂದಾಗುತ್ತಿತ್ತು. ಹೀಗೆ ಕೆಲವು ಸಲ ಆದ ಮೇಲೆ ಅವನ ತಾಯಿ ನನ್ನ ಅವ್ವನಿಗೆ, "ನಿಮ್ಮ ಮಗಳಿಗಿ ಕಾಲೇಜಿನ್ಯಾಗ ಕಲಸ್ತೇನಿ ಅಂತ ಭಾಳ ಸೊಕ್ಕ ಕಾಣತೈತಿ. ನನ್ನ ಮಗಾ ಪೋನ್ ಮಾಡಿ ಮಾಡಿ ಸಾಕಾಗ್ಯಾನ," ಎಂದು ಹೇಳಿ ಕಳಿಸಿದರು. ವೈಫೈ, ಲಾಕು ಎಂದೆಲ್ಲ ನಾನು ವಿವರಿಸಿದರೆ ಅವನು, "ಎಲ್ಲಾರ ಪೋನೂ ಲಾಕ್ ಆಗತಾವ್ರಿ, ನಿಮ್ಮದಷ್ಟ ಏನ್ ವಿಶೇಷ?" ಎಂದು ನಕ್ಕ. ಆ ನಗು ನನಗೆ ಇಷ್ಟವಾಗಲಿಲ್ಲ. ಆದರೂ ಸಕ್ಕರೆ ಹಂಚಿಯಾಗಿತ್ತು.

ಅವನ ಕರೆ ತಪ್ಪದಿರಲಿ ಎಂಬುದೇ ಕಾಕುವಿನ ಹೆಬ್ಬೆರಳ ಕೆಲಸ. ಅವರು ಅವನ ಹೆಸರು ಹಿಡಿದವರಲ್ಲ. ಕಪ್ಪು ಕನ್ನಡಕ ಹಾಕಿದ ಅವನ ಫೋಟೊ ಪರದೆಯ ಮೇಲೆ ಮೂಡಿದ ಕೂಡಲೇ ಓಣಿಯ ಆ ತುದಿಗೆ ಕೇಳುವಂತೆ, "ತಂಗೀ, ಓಡಿ ಬಾ! ಮುದ್ದೇಬಿಹಾಳ ಬಂತು!" ಎಂದು ಕೂಗುತ್ತಿದ್ದರು. ಹಿಟ್ಟಿನ ಕೈಯಲ್ಲೇ ನಾನು ಓಡಬೇಕು. ಎದುರು ಮನೆಯ ಶೈಲಾ ವೈನಿ ಬಾಗಿಲಿಗೆ ಬಂದು, "ಏನವ್ವ, ಇವತ್ತ ಮುದ್ದೇಬಿಹಾಳ ಗಾಡಿ ಲಗೂನ ಬಂತಲ್ಲ," ಎನ್ನುವರು. ನಾನು ನೆಲ ನೋಡುತ್ತ ಫೋನು ತೆಗೆದುಕೊಳ್ಳುವೆ. ಹಿಟ್ಟಿನ ಬೆರಳಚ್ಚು ಗಾಜಿನ ಮೇಲೆ ಉಳಿಯುತ್ತಿತ್ತು. ಮಾತು ಮುಗಿದ ಮೇಲೆ ಕಾಕು ಅದನ್ನು ಸೆರಗಿನಿಂದ ಒರೆಸಿ ಮತ್ತೆ ತೊಡೆಯ ಮೇಲಿಟ್ಟುಕೊಳ್ಳುವರು.

ಮಾತು ಕಡಿಮೆಯಾಗುತ್ತ ಬಂತು. ಕೊನೆಗೆ ಕರೆ ನಿಂತೇ ಹೋಯಿತು. ಇಂಡಿ ಕಡೆಯ ಬೇರೆ ಸಂಬಂಧವೊಂದನ್ನು ಅವರು ನೋಡಿ ಬಂದಿದ್ದಾರೆಂದು ಅವ್ವನ ಕಿವಿಗೆ ಬಿತ್ತು. ಅವ್ವ ಊಟ ಬಿಟ್ಟಳು. ಅಪ್ಪ ಯಾರ ಮುಖವನ್ನೂ ನೋಡದೆ ಒಳಗೆ ಹೊರಗೆ ಓಡಾಡಿದರು. ಅಂದು ಮಧ್ಯಾಹ್ನ ನಾನು ಕಾಕುವಿನ ಕಟ್ಟೆಯ ಮೇಲೆ ಕುಳಿತು ಅವನಿಗೊಂದು ಸಂದೇಶ ಬರೆದೆ. ಅದನ್ನು ಇಲ್ಲಿ ಪೂರ್ತಿ ಬರೆಯಲಾರೆ. ನೌಕರಿ ಬಿಡುತ್ತೇನೆ ಎಂದಿದ್ದೆ. ಮುಂದೆ ಓದುವುದಿಲ್ಲ ಎಂದಿದ್ದೆ. ನಿಮ್ಮ ತಾಯಿಯವರು ಹೇಳಿದಂತೆ ಇರುತ್ತೇನೆ, ಬೇಡ ಎನ್ನಬೇಡಿ ಎಂದಿದ್ದೆ. ತರಗತಿಯಲ್ಲಿ ಹುಡುಗಿಯರಿಗೆ ಬೆನ್ನು ನೆಟ್ಟಗಿಟ್ಟು ಕೂಡ್ರಿ ಎಂದು ಹೇಳುವ ನಾನು ಅದನ್ನು ಬರೆದಿದ್ದೆ.

ಕಳಿಸಿದೆ. ಉತ್ತರವಿಲ್ಲ. ಅಷ್ಟರಲ್ಲಿ ಅವ್ವ ಕರೆದಳು. ಬರೆದದ್ದು ಹಾಗೆಯೇ ಕಾಣುವಂತೆ ಫೋನನ್ನು ಕಾಕುವಿನ ತೊಡೆಯ ಮೇಲಿಟ್ಟು ಹೋದೆ. ಅದನ್ನು ಮುಚ್ಚಬೇಕೆಂದು ತೋಚಲಿಲ್ಲ. ಯಾರಿಂದ ಮುಚ್ಚಬೇಕಿತ್ತು?

ಮರಳಿ ಬರುವಾಗ ಕಟ್ಟೆಯ ಮೇಲೆ ಶೈಲಾ ವೈನಿಯೂ ಬಂದು ಕುಳಿತಿದ್ದರು. "ಟಿಣ್ ಅಂತಲ್ಲ ಕಾಕು, ಯಾರದು? ಅಳಿಯಂದೇನು? ಎಲ್ಲಿ, ಕೊಡ್ರಿ ಇಲ್ಲಿ, ನಾ ಓದಿ ಹೇಳತೇನಿ," ಎಂದು ಅವರು ಫೋನಿಗೆ ಕೈ ಹಾಕುತ್ತಿದ್ದರು. ನಾನು ಓಣಿಯ ನಡುವೆ ನಿಂತುಬಿಟ್ಟೆ. ಕಾಕು ಫೋನಿನ ಬದಿಯ ಗುಂಡಿ ಒತ್ತಿದರು. ಅಷ್ಟು ದಿನ ಒಮ್ಮೆಯೂ ಆರಲು ಬಿಡದಿದ್ದ ಬೆಳಕು ಆರಿಹೋಯಿತು.

"ಅಯ್ಯ, ಬಂದ್ ಆತಲ್ಲ! ಕೈ ಜಾರಿತವ್ವ," ಎಂದರು.

ನಾನು ಫೋನು ಕಸಿದುಕೊಂಡಂತೆಯೇ ತೆಗೆದುಕೊಂಡೆ. "ಬಂದ್ ಮಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳೀನ್ರಿ ಕಾಕು! ಇದೊಂದ ಕೆಲಸಾನೂ ಆಗಂಗಿಲ್ಲೇನು?"

"ತಪ್ಪಾತವ್ವ. ನನಗೇನ್ ತಿಳೀತೈತಿ," ಎಂದು ಅವರು ಮೊರ ಎತ್ತಿಕೊಂಡರು.

ಅವರ ಅಡುಗೆಮನೆಯ ಮೂಲೆಗೆ ಹೋಗಿ ಫೋನು ತೆರೆದೆ. "ಮನ್ಯಾಗ ಬ್ಯಾಡ ಅಂದಾರ. ಇನ್ನ ಮೆಸೇಜ್ ಮಾಡಬ್ಯಾಡ್ರಿ," ಎಂದಿತ್ತು. ಇಷ್ಟೇ. ನಾನು ಹೊರಗೆ ಬಂದಾಗ ಕಾಕು ನನ್ನ ಮುಖ ನೋಡಲಿಲ್ಲ. ಹರಳು ಆರಿಸುತ್ತಲೇ ಇದ್ದರು. ಆ ಬೇಳೆಯನ್ನು ಅವರು ಮುಂಜಾನೆಯೇ ಹಸನು ಮಾಡಿ ಮುಗಿಸಿದ್ದರೆಂದು ನನಗೆ ಈಗ ನೆನಪಾಗುತ್ತದೆ.

ಸುದ್ದಿ ಓಣಿಗೆ ಬಂದೇ ಬಂತು. ನಾನು ಮನೆಯಿಂದ ಹೊರಬರಲಿಲ್ಲ. ಹೆಂಗಸರು ನೀರಿಗೆ ಸೇರಿದ್ದಾಗ ಶೈಲಾ ವೈನಿ, "ಹುಡುಗನ ಕಡಿಯಾವ್ರ ಬಿಟ್ರಂತಲ್ಲ," ಎಂದದ್ದು ಕಿಟಕಿಯಿಂದ ಕೇಳಿಸಿತು. ಕೂಡಲೇ ಕಾಕುವಿನ ಗಂಟಲು:

"ಯಾರ ಹೇಳಿದ್ರ ನಿಮಗ? ಹುಡುಗೀನ ಒಲ್ಲೆ ಅಂದಾಳ! ನನ್ನ ಕಟ್ಟಿ ಮ್ಯಾಲ ಕುಂತ ಹೇಳಿದ್ಲು, ನಾ ಕಿವ್ಯಾರೆ ಕೇಳೀನಿ. ನಾ ನೌಕರಿ ಬಿಡಂಗಿಲ್ಲ ಅಂದ್ಲು. ಮುಂದ ಓದೂದೂ ಬಿಡಂಗಿಲ್ಲ ಅಂದ್ಲು. ನಿಮ್ಮ ತಾಯಿ ಹೇಳಿದಂಗ ಕುಣ್ಯಾಕ ನಾ ಬರಂಗಿಲ್ಲ, ಬ್ಯಾಡ ಅಂದ್ರ ಬ್ಯಾಡ ಅಂದ್ಲು. ಎಂಥಾ ಗಟ್ಟಿ ಹುಡುಗಿ!"

ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಸಂಜೆ ಹೋಗಿ, "ನಾ ಯಾವಾಗ ಹಂಗ ಅಂದೀನ್ರಿ ಕಾಕು?" ಎಂದು ಕೇಳಿದೆ.

"ಅಂದಿಲ್ಲೇನು? ನನಗ ಹಂಗ ಅಂದಂಗ ಆತವ್ವ. ವಯಸ್ಸಾತು," ಎಂದು ಬಸಿಯೊಳಗಿನ ಚಹಾಕ್ಕೆ ಊದಿದರು.

ಓದು ಬಾರದ ಮುದುಕಿ ಅರ್ಧಂಬರ್ಧ ತಿಳಿದುಕೊಂಡು ಏನೋ ಒದರಿದಳು ಎಂದುಕೊಂಡೆ. ಆದರೆ ಓಣಿ ಅದನ್ನೇ ನಂಬಿತು. ಶೈಲಾ ವೈನಿ ನನ್ನನ್ನು ಕಂಡರೆ ಸ್ವಲ್ಪ ಸರಿದು ದಾರಿ ಬಿಡತೊಡಗಿದರು. ಅವ್ವ ಮತ್ತೆ ನೀರಿಗೆ ಹೋಗಲು ಶುರುಮಾಡಿದಳು, ಕೊಡ ಸೊಂಟದ ಮೇಲಿಟ್ಟುಕೊಂಡು, ತಲೆಯೆತ್ತಿ. ಕಾಕುವಿನ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಾಗಲಿಲ್ಲ. ಆ ಸುಳ್ಳಿನೊಳಗೇ ನಾನು ಕಾಲೇಜಿಗೆ ಹೋದೆ, ಬಂದೆ.

ಮುಂದೆ ಕಾಕುವಿನ ಅಕ್ಕ ಹಾಸಿಗೆ ಹಿಡಿದರು. ಕಾಕು ಮನೆಗೆ ಬೀಗ ಹಾಕಿ ಬಾಗೇವಾಡಿಗೆ ಹೋದರು. ನಾನು ಹೊಸ ಫೋನು ತೆಗೆದುಕೊಂಡೆ. ಇದು ಲಾಕ್ ಆದರೂ ವೈಫೈ ಬಿಡುವುದಿಲ್ಲ. ಕಾಲೇಜಿನ ಕೆಲಸಕ್ಕೆ ಒಮ್ಮೆ ಆ ಕಡೆ ಹೋದಾಗ ಅವರನ್ನು ನೋಡಿ ಬರೋಣವೆಂದು ಮುಂಚೆ ತಿಳಿಸದೆ ಹೋದೆ. ಅದೇ ಕೊನೆಯ ಭೇಟಿ. ಆಮೇಲಿನ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಸುದ್ದಿ ನಮಗೆ ಮುಟ್ಟುವಾಗ ಮಣ್ಣು ಆಗಿಹೋಗಿತ್ತು.

ಆ ದಿನ ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಯಾರೋ ಪತ್ರಿಕೆ ಓದುವ ದನಿ ಬರುತ್ತಿತ್ತು. ಆಲಮಟ್ಟಿಯ ಒಳಹರಿವು, ಕಾಲುವೆಗೆ ನೀರು ಬಿಡುವ ದಿನ, ರೈತರ ಸಭೆ. ಎಲ್ಲಿಯೂ ತಡವರಿಕೆಯಿಲ್ಲ. ನಿಲ್ಲಬೇಕಾದಲ್ಲಿ ನಿಂತು, ಏರಿಸಬೇಕಾದಲ್ಲಿ ಏರಿಸಿ ಓದುವ ದನಿ. ಹೊಸ್ತಿಲಲ್ಲಿ ನಿಂತು ನೋಡಿದರೆ ಕಾಕು. ಮಂಚದ ಮೇಲೆ ಅಕ್ಕ, ಕೆಳಗೆ ಚಾಪೆಯ ಮೇಲೆ ಇವರು, ಕೈಯಲ್ಲಿ ಬಿಚ್ಚಿದ ಪತ್ರಿಕೆ.

ಕಾಕು ತಲೆಯೆತ್ತಿ ನನ್ನನ್ನು ನೋಡಿದರು. ಓದು ನಡುವೆ ನಿಂತಿತು.

"ಯಾಕ ನಿಲ್ಲಿಸಿದಿ ಗೌರಾ?" ಎಂದರು ಮಂಚದ ಮೇಲಿನವರು. "ಯಾರ ಬಂದ್ರು?"

"ಸಿಂದಗಿ ಹುಡುಗಿ, ಅಕ್ಕಾ. ನಾ ಹೇಳತಿದ್ದೆನಲ್ಲ, ಕಾಲೇಜಿನ್ಯಾಗ ಕಲಸಾಕಿ."

"ಬಾರವ್ವ, ಕುಂದರು. ಇಕಿ ಓದು ಕೇಳು. ಏಳನೆತ್ತೆ ಮುಲ್ಕಿ ಪರೀಕ್ಷಾ ಪಾಸ್ ಆದಾಕಿ. ನಮ್ಮ ಊರಾಗ ಹುಡುಗ್ಯಾರೊಳಗ ಇಕಿ ಒಬ್ಬಾಕೀನ. ಮಾಸ್ತರು ಬ್ಯಾನಿ ಬಿದ್ರ ಇಕೀನ ಸಾಲಿ ನಡಸತಿದ್ಲು!"

ನಾನು ಕುಳಿತುಕೊಂಡೆ. ನೌಕರಿ ಬಿಡಂಗಿಲ್ಲ, ಓದೂದೂ ಬಿಡಂಗಿಲ್ಲ, ನಿಮ್ಮ ತಾಯಿ ಹೇಳಿದಂಗ ಕುಣ್ಯಾಕ ಬರಂಗಿಲ್ಲ. ನಾನು ಬರೆದದ್ದನ್ನು ಒಂದೊಂದೇ ಮಾತಾಗಿ, ಬರೆದ ಕ್ರಮದಲ್ಲೇ, ಅಂಗಿಯ ಒಳಮೈ ಹೊರಗೆ ಮಾಡಿದಂತೆ ಅವರು ತಿರುವಿ ಓಣಿಗೆ ಹೇಳಿದ್ದರು. ಓದದೆ ಹಾಗೆ ತಿರುವಲು ಬರುವುದಿಲ್ಲ. ನಾನು ಅಂಗಲಾಚಿದ್ದನ್ನು ಜಗತ್ತಿನಲ್ಲಿ ಅವನೊಬ್ಬನೇ ಬಲ್ಲ ಎಂದುಕೊಂಡು ಇಷ್ಟು ದಿನ ತಲೆಯೆತ್ತಿ ನಡೆದಿದ್ದೆ.

ಕಾಕು ಪತ್ರಿಕೆಯನ್ನು ನನ್ನ ಕಡೆ ಸರಿಸಿದರು. "ನನ್ನ ಕಣ್ಣ ಈಗ ಮಬ್ಬ ಆಗ್ಯಾವವ್ವ, ಅಕ್ಷರ ಕೂಡಂಗಿಲ್ಲ. ಮುಂದಿಂದು ನೀನ ಓದ ಸ್ವಲ್ಪ, ಅಕ್ಕ ಕೇಳತಾಳ."

ಅವರ ಕಣ್ಣುಗಳು ನಿಚ್ಚಳವಾಗಿದ್ದವು. ನಾನು ಪತ್ರಿಕೆ ಎತ್ತಿಕೊಂಡೆ. ಅವರು ನಿಲ್ಲಿಸಿದ ಸಾಲನ್ನು ಹುಡುಕಿ ಅಲ್ಲಿಂದ ಓದತೊಡಗಿದೆ.

"ಈ ಹುಡುಗಿ ಧ್ವನಿ ಯಾಕ ನಡಗತೈತಿ?" ಎಂದು ಮಂಚದ ಮೇಲಿನವರು ಕೇಳಿದರು.

"ಬಸ್ಸಿನ್ಯಾಗ ನಿಂತ ಬಂದಾಳಕ್ಕಾ, ದಣದಾಳ," ಎಂದರು ಕಾಕು.

ಚಾಪೆಯ ಮೇಲಿಟ್ಟಿದ್ದ ನನ್ನ ಹೊಸ ಫೋನಿನ ಮೇಲೆ ಆಗ ಯಾರದೋ ಸಂದೇಶದ ಬೆಳಕು ಹೊತ್ತಿಕೊಂಡಿತು. ಕಾಕುವಿನ ಹೆಬ್ಬೆರಳು ಹಳೆಯ ರೂಢಿಯಂತೆ ಅದರ ಕಡೆ ಹೋಯಿತು. ಗಾಜನ್ನು ಮುಟ್ಟಲಿಲ್ಲ. ಫೋನನ್ನು ಎತ್ತಿ, ಬೋರಲು ಹಾಕಿ ಚಾಪೆಯ ಮೇಲೆ ಮಲಗಿಸಿದರು.

"ಓದವ್ವ," ಎಂದರು.